ನನ್ನ ತಂಗಿಗೂ ತಮ್ಮನಿಗೂ ಯಾರೂ ಕೇಳದ ಪ್ರಶ್ನೆಗಳು: ಮನೋವೈದ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮನೋವೈದ್ಯರಿಗೆ, ಮನೋವೈದ್ಯಶಾಸ್ತ್ರ ಕಲಿಸುವ ಗುರುಗಳಿಗೆ ಮತ್ತು ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಸಮಿತಿಗಳ ಸದಸ್ಯರಿಗೆ,

ನಮಸ್ಕಾರ.

ನಾನು ಡಾಕ್ಟರ್ ಅಲ್ಲ. ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಹುರುಪಿಗೆ ಏರಿ ಕೆಲವು ಕಾಲ ಖಿನ್ನತೆಗೆ ಕುಸಿಯುವ ಕಾಯಿಲೆ ಇರುವ ಇಬ್ಬರ ಅಕ್ಕ. ಒಬ್ಬ ತಮ್ಮ, ಒಬ್ಬಳು ತಂಗಿ. ಒಂದೇ ತಾಯಿಯ ಮಕ್ಕಳು, ಒಂದೇ ಮನೆಯಲ್ಲಿ ಬೆಳೆದವರು, ವಯಸ್ಸಿನಲ್ಲಿ ಎರಡೇ ವರ್ಷದ ವ್ಯತ್ಯಾಸ. ಕಾಯಿಲೆಯ ಹೆಸರೂ ಒಂದೇ. ಆದರೆ ತಮ್ಮನಿಗೆ ಆ ಹೆಸರು ಸಿಗಲು 2 ವರ್ಷ ಹಿಡಿಯಿತು, ತಂಗಿಗೆ 9 ವರ್ಷ. ಆ 2 ವರ್ಷ ತಮ್ಮನನ್ನು ಎಲ್ಲರೂ ಕುಡುಕ ಅಂದರು. ಆ 9 ವರ್ಷ ತಂಗಿಯನ್ನು ಎಲ್ಲರೂ ಸೂಕ್ಷ್ಮ ಮನಸ್ಸಿನ ಹುಡುಗಿ ಅಂದರು.

ಇಬ್ಬರೂ ಇವತ್ತು ಚೆನ್ನಾಗಿದ್ದಾರೆ. ಕೆಲಸಕ್ಕೆ ಹೋಗುತ್ತಾರೆ, ನಗುತ್ತಾರೆ, ನನ್ನ ಜೊತೆ ಜಗಳ ಆಡುತ್ತಾರೆ. ಅದಕ್ಕೆ ನಿಮ್ಮಲ್ಲೇ ಕೆಲವರು ಕಾರಣ. ಆ ಋಣವನ್ನು ನಾನು ಮರೆತಿಲ್ಲ. ಆದರೂ ಒಂದು ದೂರು ಇದೆ, ಅದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಈ ಕಾಯಿಲೆ ಹೆಂಗಸರಲ್ಲಿ ಒಂದು ರೀತಿ, ಗಂಡಸರಲ್ಲಿ ಇನ್ನೊಂದು ರೀತಿ ಕಾಣಿಸಿಕೊಳ್ಳಬಹುದು ಅಂತ ನಿಮ್ಮ ಪುಸ್ತಕಗಳಲ್ಲೇ ಬರೆದಿದೆ. ಹಾಗಿದ್ದ ಮೇಲೆ ರೋಗಿ ನಿಮ್ಮೆದುರು ಬಂದು ಕೂತಾಗ ಆ ಪುಟ ಯಾಕೆ ನೆನಪಾಗುವುದಿಲ್ಲ? ನನ್ನ ತಂಗಿಗೆ ಕೇಳಬೇಕಾದ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ತಮ್ಮನಿಗೆ ಕೇಳಬೇಕಾದ್ದನ್ನೂ ಕೇಳಲಿಲ್ಲ. ನನ್ನ ದೂರು ಇಷ್ಟೇ. ಉಳಿದದ್ದು ಅದರ ವಿವರ.

ತಂಗಿಗೆ ಮೊದಲು ಹುಷಾರು ತಪ್ಪಿದ್ದು 17ನೇ ವಯಸ್ಸಿನಲ್ಲಿ. ಗೋಡೆ ಕಡೆ ಮುಖ ಮಾಡಿ ಮಲಗಿದವಳು ಮೂರು ವಾರ ಏಳಲಿಲ್ಲ. ತಲೆ ಬಾಚೋಣ ಬಾ ಅಂದರೆ ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತಿರುತ್ತಿದ್ದಳು, ಅದನ್ನು ಏನು ಮಾಡಬೇಕು ಅನ್ನೋದೇ ಮರೆತವಳ ಹಾಗೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಿಪ್ರೆಶನ್ ಅಂದರು, ಮಾತ್ರೆ ಬರೆದರು. ಅದು ಸರಿಯೇ, ಅವತ್ತು ಅವಳಿಗೆ ಇದ್ದದ್ದು ಡಿಪ್ರೆಶನ್ನೇ.

ಮಾತ್ರೆ ಶುರುವಾಗಿ ಕೆಲವು ವಾರ ಆದ ಮೇಲೆ ಅವಳು ಎದ್ದಳು. ಎದ್ದವಳು ನಿಲ್ಲಲೇ ಇಲ್ಲ. ರಾತ್ರಿ 2 ಗಂಟೆಗೆ ಕಿಟಕಿಯ ಪರದೆಗಳನ್ನೆಲ್ಲ ಬಿಚ್ಚಿ ಒಗೆಯುತ್ತಿದ್ದಳು. ಮೂರು ಗಂಟೆ ಮಲಗಿದರೆ ಜಾಸ್ತಿ, ಆದರೆ ಬೆಳಿಗ್ಗೆ ಸುಸ್ತೇ ಇಲ್ಲ. ಮಾತಿಗೆ ಮಾತು, ನಗುವಿಗೆ ನಗು. ನಮಗೆಲ್ಲ ಎಷ್ಟು ಖುಷಿ ಆಗಿತ್ತು ಗೊತ್ತಾ? ಹುಡುಗಿ ಹುಷಾರಾದಳು ಅಂದುಕೊಂಡೆವು. ಡಾಕ್ಟರಿಗೂ ಹಾಗೇ ಹೇಳಿದೆವು, ಅವರೂ ಸಂತೋಷಪಟ್ಟರು. ಎರಡು ತಿಂಗಳಿಗೆ ಮತ್ತೆ ಗೋಡೆ ಕಡೆ ಮುಖ.

9 ವರ್ಷ ಇದೇ ನಡೆಯಿತು. 5 ಜನ ಡಾಕ್ಟರು, 5 ಫೈಲು. ಐದರಲ್ಲೂ ಡಿಪ್ರೆಶನ್ ಅಂತಲೇ ಇದೆ. ಅವಳು ಆಸ್ಪತ್ರೆಗೆ ಹೋಗುತ್ತಿದ್ದದ್ದು ಕುಸಿದಾಗ ಮಾತ್ರ. ಹುರುಪಿನಲ್ಲಿದ್ದಾಗ ಯಾರು ಹೋಗುತ್ತಾರೆ? ಹಾಗಾಗಿ ನಿಮ್ಮ ಕಣ್ಣಿಗೆ ಬಿದ್ದದ್ದು ಅರ್ಧ ಕಾಯಿಲೆ. ಇನ್ನರ್ಧ ಮನೆಯಲ್ಲಿ ನಮ್ಮ ಕಣ್ಣೆದುರೇ ಇತ್ತು, ಆದರೆ ಅದು ಕಾಯಿಲೆ ಅಂತ ನಮಗೆ ಗೊತ್ತಿರಲಿಲ್ಲ. "ನಿದ್ದೆ ಕಡಿಮೆಯಾದರೂ ಸುಸ್ತಾಗದೆ, ಎಂದಿಗಿಂತ ಜಾಸ್ತಿ ಹುರುಪಿನಲ್ಲಿ ನಾಲ್ಕೈದು ದಿನ ಇದ್ದದ್ದು ಉಂಟಾ?" ಅಂತ ಒಬ್ಬರಾದರೂ ಕೇಳಿದ್ದರೆ ನಾನೇ ಉತ್ತರ ಹೇಳುತ್ತಿದ್ದೆ. ನಾನು ಪ್ರತಿ ಸಲವೂ ಅವಳ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಿದ್ದೆ.

ಆಮೇಲೆ ನಾನೇ ಓದಿ ತಿಳಿದುಕೊಂಡೆ. ಮೇನಿಯಾ, ಅಂದರೆ ಹದ್ದು ಮೀರಿದ ಹುರುಪು, ತೀವ್ರವಾಗಿರುವ ಬೈಪೋಲಾರ್ 1 ಹೆಂಗಸರಲ್ಲೂ ಗಂಡಸರಲ್ಲೂ ಹೆಚ್ಚು ಕಡಿಮೆ ಸಮ. ಆದರೆ ಹುರುಪು ಹೈಪೋಮೇನಿಯಾ, ಅಂದರೆ ಮೇನಿಯಾಕ್ಕಿಂತ ಸೌಮ್ಯವಾದ ಮಟ್ಟದಲ್ಲೇ ನಿಂತು, ಖಿನ್ನತೆಯೇ ದೊಡ್ಡದಾಗಿ ಕಾಣುವ ಬೈಪೋಲಾರ್ 2 ಹೆಂಗಸರಲ್ಲಿ ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಹೆಂಗಸರಿಗೆ ಕಾಯಿಲೆ ಶುರುವಾಗುವುದು ಹೆಚ್ಚಾಗಿ ಖಿನ್ನತೆಯಿಂದ. ಗಂಡಸರಿಗೆ ಮೊದಲೇ ಮೇನಿಯಾ ಬರುವ ಸಾಧ್ಯತೆ ಹೆಚ್ಚು. ವರ್ಷದಲ್ಲಿ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಸಲ ಏರಿಳಿತ ಆಗುವುದು, ಹುರುಪು ಮತ್ತು ದುಃಖ ಒಟ್ಟೊಟ್ಟಿಗೆ ಬರುವುದು, ಜೊತೆಗೆ ಥೈರಾಯ್ಡ್, ಮೈಗ್ರೇನ್, ಆತಂಕ ಸೇರಿಕೊಳ್ಳುವುದು ಕೂಡ ಹೆಂಗಸರಲ್ಲೇ ಹೆಚ್ಚು. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವರಿಗೆ ಮೇನಿಯಾ ಬರಬಹುದು ಅನ್ನೋದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಪರದೆ ಒಗೆದ ಆ ರಾತ್ರಿಗಳು ಏನಾಗಿದ್ದವು ಅಂತ ಇವತ್ತು ನನಗೂ ಗೊತ್ತು.

ಈಗ ಹೆರಿಗೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

26ನೇ ವಯಸ್ಸಿನಲ್ಲಿ ತಂಗಿ ಬಸುರಿಯಾದಳು. ಮಗುವಿಗೆ ತೊಂದರೆ ಆದೀತು ಅಂತ ಹೆದರಿ ಮಾತ್ರೆಗಳನ್ನು ತಾನೇ ನಿಲ್ಲಿಸಿದಳು. ಯಾರಿಗೂ ಹೇಳಲಿಲ್ಲ. ಅವಳ ಗರ್ಭಿಣಿ ಕಾರ್ಡಿನಲ್ಲಿ ಹಿಂದಿನ ಕಾಯಿಲೆಗಳ ಜಾಗದಲ್ಲಿ ಡಿಪ್ರೆಶನ್ ಅಂತ ಒಂದೇ ಪದ ಬರೆದಿತ್ತು. ಅದನ್ನು ನೋಡಿದ ಹೆರಿಗೆ ಡಾಕ್ಟರು ಮುಂದೇನೂ ಕೇಳಲಿಲ್ಲ. ಮನೋವೈದ್ಯರಿಗೆ ಒಂದು ಫೋನ್ ಮಾಡಲಿಲ್ಲ.

ಹೆರಿಗೆ ಸುಸೂತ್ರವಾಗಿ ಆಯಿತು. ಹೆಣ್ಣು ಮಗು. ಮೂರನೇ ರಾತ್ರಿ ತಂಗಿ ಮಲಗಲಿಲ್ಲ. ನಾಲ್ಕನೇ ರಾತ್ರಿಯೂ ಇಲ್ಲ. ಮಗು ಅಳುತ್ತದಲ್ಲ, ಬಾಣಂತಿಗೆ ನಿದ್ದೆ ಎಲ್ಲಿಂದ ಬರಬೇಕು ಅಂತ ನಾವೇ ಸಮಾಧಾನ ಮಾಡಿಕೊಂಡೆವು. ಆದರೆ ಮಗು ಮಲಗಿದಾಗಲೂ ಅವಳು ಎದ್ದಿರುತ್ತಿದ್ದಳು. ಒಂದು ನೋಟ್‌ಬುಕ್ಕಿನಲ್ಲಿ ಮಗು ಕಣ್ಣು ಮಿಟುಕಿಸಿದ್ದನ್ನು ಲೆಕ್ಕ ಇಡುತ್ತಿದ್ದಳು. ಗೆರೆ, ಗೆರೆ, ಗೆರೆ, ಪುಟದ ತುಂಬ ಸಣ್ಣ ಗೆರೆಗಳು. ಏನಿದು ಅಂದೆ. "ಅಕ್ಕಾ, ಇವಳು ನನಗೆ ಏನೋ ಹೇಳ್ತಿದಾಳೆ, ನಾನು ಬರ್ಕೋತಿದೀನಿ" ಅಂದಳು. ಅವಳ ಕಣ್ಣು ಹೊಳೆಯುತ್ತಿತ್ತು. ಒಂಬತ್ತನೇ ದಿನ, ಮಗುವನ್ನು ಬದಲಾಯಿಸಿಬಿಟ್ಟಿದ್ದಾರೆ, ಇದು ನನ್ನ ಮಗು ಅಲ್ಲ ಅಂದಳು. ಮನೆಯವರೆಲ್ಲ ಕೂತು ಅವಳಿಗೆ ತಿಳಿಹೇಳಲು ನೋಡಿದರು. ನಾನು ಮಗುವನ್ನು ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ. ನನ್ನ ತಂಗಿಗೆ ಹೆದರಿ ಬಾಗಿಲು ಹಾಕಿಕೊಂಡ ಆ ಕ್ಷಣವನ್ನು ನಾನು ಇನ್ನೂ ಅವಳಿಗೆ ಹೇಳಿಲ್ಲ.

ಹಳೆಯ ಕಾಲದವರು ಇದಕ್ಕೆ ಬಾಣಂತಿ ಸನ್ನಿ ಅನ್ನುತ್ತಿದ್ದರು. ಅಂದರೆ ಇದು ಜನಕ್ಕೆ ಗೊತ್ತಿಲ್ಲದ ಕಾಯಿಲೆ ಅಲ್ಲ. ಸಾವಿರ ಹೆರಿಗೆಗಳಲ್ಲಿ ಒಂದೋ ಎರಡೋ ಬಾಣಂತಿಯರಿಗೆ ಬರುತ್ತದೆ. ಆದರೆ ಬೈಪೋಲಾರ್ ಇರುವ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೆರಿಗೆಯ ನಂತರ ಮೇನಿಯಾ ಅಥವಾ ಸನ್ನಿ ಕಾಣಿಸಿಕೊಳ್ಳುತ್ತದೆ. ಸನ್ನಿ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ ಬರುತ್ತದೆ, ಗಂಟೆಗಳ ಲೆಕ್ಕದಲ್ಲಿ ಜೋರಾಗುತ್ತದೆ. ತಾಯಿಯ ಜೀವಕ್ಕೂ ಅಪಾಯ, ಮಗುವಿನ ಜೀವಕ್ಕೂ ಅಪಾಯ. ಹೃದಯಾಘಾತ ಆದವರನ್ನು ಹೊತ್ತೊಯ್ಯುವಷ್ಟೇ ಬೇಗ ಆಸ್ಪತ್ರೆಗೆ ಹೋಗಬೇಕು. ಹೋದರೆ ಗುಣವಾಗುತ್ತದೆ. ನನ್ನ ತಂಗಿಗೂ ಗುಣವಾಯಿತು. ಆದರೆ ಐವರಲ್ಲಿ ಒಬ್ಬರಿಗೆ ಆಗುವ ತೊಂದರೆಗೆ ಮೊದಲೇ ಯಾರೂ ತಯಾರಿ ಮಾಡಲಿಲ್ಲ, ಏಕೆಂದರೆ ಅವಳಿಗೆ ಬೈಪೋಲಾರ್ ಇದೆ ಅಂತ ಯಾರೂ ಪತ್ತೆ ಹಚ್ಚಿರಲಿಲ್ಲ. ಆ ಹೆಸರು ಸಿಕ್ಕಿದ್ದೇ ಆ ಒಂಬತ್ತನೇ ದಿನ, ತುರ್ತು ವಾರ್ಡಿನಲ್ಲಿ.

ಅಲ್ಲಿಗೆ ಮುಗಿಯಲಿಲ್ಲ. ಅವಳಿಗೆ ವಾಲ್ಪ್ರೊಯೇಟ್ ಅನ್ನೋ, ಮನಸ್ಸಿನ ಏರಿಳಿತ ತಡೆಯುವ ಮಾತ್ರೆ ಶುರು ಮಾಡಿದರು. ಸನ್ನಿ ಇಳಿಯಿತು, ಅದಕ್ಕೆ ನಾನು ಆ ಮಾತ್ರೆಗೆ ಕೈ ಮುಗಿಯುತ್ತೇನೆ. ಆಮೇಲೆ 2 ವರ್ಷ ಅದನ್ನೇ ಮುಂದುವರಿಸಿದರು. ಆ 2 ವರ್ಷದಲ್ಲಿ ಯಾರೂ ಅವಳನ್ನು ಇನ್ನೊಂದು ಮಗುವಿನ ಯೋಚನೆ ಇದೆಯಾ ಅಂತ ಕೇಳಲಿಲ್ಲ. ಬಸುರಿ ಇದ್ದಾಗ ವಾಲ್ಪ್ರೊಯೇಟ್ ತೆಗೆದುಕೊಂಡರೆ ನೂರರಲ್ಲಿ ಸುಮಾರು 10 ಮಕ್ಕಳು ದೊಡ್ಡ ಅಂಗದೋಷದಿಂದ ಹುಟ್ಟುತ್ತಾರೆ. 30ರಿಂದ 40 ಮಕ್ಕಳಿಗೆ ಮುಂದೆ ಕಲಿಕೆ, ಮಾತು, ಬೆಳವಣಿಗೆಯಲ್ಲಿ ತೊಂದರೆ ಆಗಬಹುದು. ಬೆನ್ನುಹುರಿ ಸರಿಯಾಗಿ ಕೂಡದೆ ಇರುವ ದೋಷ ಆಗುವುದು ಬಸುರಿಯ ಮೊದಲ ಕೆಲವೇ ವಾರಗಳಲ್ಲಿ, ಎಷ್ಟೋ ಸಲ ಮುಟ್ಟು ನಿಂತದ್ದು ಗಮನಕ್ಕೆ ಬರುವ ಮೊದಲೇ. ಇದಕ್ಕಾಗಿಯೇ 2018ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಒಂದು ನಿಯಮ ತಂದಿತು. ಬಸುರಿಯಾಗುವ ವಯಸ್ಸಿನ ಹೆಂಗಸರಿಗೆ ಗರ್ಭ ತಡೆಯುವ ಕಟ್ಟುನಿಟ್ಟಿನ ವ್ಯವಸ್ಥೆ ಇಲ್ಲದೆ ಈ ಮಾತ್ರೆ ಕೊಡುವಂತಿಲ್ಲ ಅಂದಿತು. 2024ರಿಂದ ಬ್ರಿಟನ್ನಿನಲ್ಲಿ 55 ವರ್ಷದ ಒಳಗಿನ ಹೆಂಗಸಿರಲಿ ಗಂಡಸಿರಲಿ, ಹೊಸದಾಗಿ ಶುರು ಮಾಡಬೇಕಾದರೆ ಇಬ್ಬರು ತಜ್ಞರು ಒಪ್ಪಬೇಕು.

ನನ್ನ ತಂಗಿಗೆ ಇದು ಗೊತ್ತಾದದ್ದು ಆಕಸ್ಮಿಕವಾಗಿ. ಅವಳ ಡಾಕ್ಟರು ರಜೆಯಲ್ಲಿದ್ದ ದಿನ ಅವರ ಜಾಗದಲ್ಲಿ ಕಿರಿಯ ವೈದ್ಯೆಯೊಬ್ಬರು ಕೂತಿದ್ದರು. ಫೈಲು ತಿರುವಿ ಹಾಕಿದರು, ತಂಗಿಯ ವಯಸ್ಸು ನೋಡಿದರು, ಪೆನ್ನು ಕೆಳಗಿಟ್ಟರು. "ಈ ಮಾತ್ರೆ ಬಗ್ಗೆ ನಿಮಗೆ ಯಾರೂ ಹೇಳಿಲ್ಲವಾ?" ಅಂದರು. ಆಮೇಲೆ ಮುಕ್ಕಾಲು ಗಂಟೆ ಕೂರಿಸಿಕೊಂಡು ಮಾತಾಡಿದರು. ಹೊರಗೆ ಸಾಲು ಕಾಯುತ್ತಿತ್ತು, ಆದರೂ ಮಾತಾಡಿದರು. ತಂಗಿಗೆ ಮುಟ್ಟು ಸರಿಯಾಗಿ ಬರುತ್ತಿದೆಯಾ ಅಂತ ಕೇಳಿದ ಮೊದಲ ಮನೋವೈದ್ಯೆ ಅವರು. ಥೈರಾಯ್ಡ್ ಪರೀಕ್ಷೆ ಮಾಡಿಸಿದವರೂ ಅವರೇ. ಥೈರಾಯ್ಡ್ ಕಡಿಮೆ ಇತ್ತು. ಯಾವತ್ತಿನಿಂದ ಇತ್ತೋ!

ಅಪಾಯ ಯಾವುದು, ಲಾಭ ಯಾವುದು ಅಂತ ಅವರು ನಮ್ಮಿಬ್ಬರಿಗೂ ಅರ್ಥವಾಗುವ ಹಾಗೆ ಹೇಳಿದರು. ಏರಿಳಿತ ತಡೆಯಲು ತಂಗಿ ಲಿಥಿಯಂ ಮಾತ್ರೆ ಆರಿಸಿಕೊಂಡಳು, ಖಿನ್ನತೆ ತಡೆಯಲು ಜೊತೆಗೆ ಲ್ಯಾಮೊಟ್ರಿಜಿನ್. ಲಿಥಿಯಂ ಥೈರಾಯ್ಡನ್ನು ಇನ್ನಷ್ಟು ತಗ್ಗಿಸಬಹುದು, ಅದರಲ್ಲೂ ಹೆಂಗಸರಿಗೆ, ಅಂತ ಮೊದಲೇ ಎಚ್ಚರಿಸಿ ಅದಕ್ಕೂ ಮಾತ್ರೆ ಕೊಟ್ಟರು. ಅಂದಿನಿಂದ ನಾವು ಒಂದು ನೋಟ್‌ಬುಕ್ ಇಟ್ಟೆವು. ದಿನಕ್ಕೊಂದು ಚುಕ್ಕೆ. ಕುಸಿದ ದಿನಕ್ಕೆ ಕಪ್ಪು, ಹುರುಪಿನ ದಿನಕ್ಕೆ ಕೆಂಪು, ಸಾಧಾರಣ ದಿನಕ್ಕೆ ಹಸಿರು. ಪಕ್ಕದಲ್ಲಿ ಎಷ್ಟು ಗಂಟೆ ನಿದ್ದೆ, ಮುಟ್ಟಿನ ದಿನವೋ ಅಲ್ಲವೋ.

ಎಂಟು ತಿಂಗಳು ಹಸಿರೇ ಹಸಿರು. ಆಮೇಲೆ ಒಂದು ಪುಟ ಪೂರ್ತಿ ಕಪ್ಪಾಯಿತು. ಮಾತ್ರೆ ಒಂದು ದಿನವೂ ತಪ್ಪಿಸಿರಲಿಲ್ಲ. ಹುಡುಕಿದಾಗ ಕಾರಣ ನೋಟ್‌ಬುಕ್ಕಿನಲ್ಲೇ ಸಿಕ್ಕಿತು. ಮುಟ್ಟಿನಲ್ಲಿ ತುಂಬಾ ರಕ್ತ ಹೋಗುತ್ತದೆ ಅಂತ ಸ್ತ್ರೀರೋಗ ತಜ್ಞರು ಅವಳಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಕೊಟ್ಟಿದ್ದರು. ಅದು ರಕ್ತದಲ್ಲಿ ಲ್ಯಾಮೊಟ್ರಿಜಿನ್ ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ತಿಂಗಳಲ್ಲಿ ಆ ಮಾತ್ರೆ ನಿಲ್ಲಿಸುವ ಒಂದು ವಾರ ಪ್ರಮಾಣ ಮತ್ತೆ ಮೇಲಕ್ಕೆ ಹೋಗುತ್ತದೆ. ಈ ಕಾಯಿಲೆಗೆ ಕೊಡುವ ಇನ್ನೊಂದು ಮಾತ್ರೆ ಕಾರ್ಬಮಜೆಪಿನ್ ಆಗಿದ್ದರೆ ಕಥೆ ಉಲ್ಟಾ, ಅದು ಗರ್ಭನಿರೋಧಕ ಮಾತ್ರೆಯನ್ನೇ ಕೆಲಸ ಮಾಡದ ಹಾಗೆ ಮಾಡುತ್ತದೆ. ಸ್ತ್ರೀರೋಗ ತಜ್ಞರು ಯಾವ ಮಾತ್ರೆ ಕೊಟ್ಟಿದ್ದಾರೆ ಅಂತ ಮನೋವೈದ್ಯರಿಗೆ ಗೊತ್ತಿರಲಿಲ್ಲ. ಮನೋವೈದ್ಯರು ಏನು ಕೊಡುತ್ತಿದ್ದಾರೆ ಅಂತ ಅವರೂ ಕೇಳಿರಲಿಲ್ಲ. ಇಬ್ಬರೂ ಒಳ್ಳೆಯ ಡಾಕ್ಟರುಗಳೇ. ಇಬ್ಬರ ನಡುವೆ ಸಿಕ್ಕಿ ನಲುಗಿದವಳು ಮಾತ್ರ ನನ್ನ ತಂಗಿ.

ಇನ್ನೊಂದು ವಿಷಯ ಬರೆಯಲು ನನಗೆ ಸಂಕೋಚ ಇದೆ. ಆದರೂ ಬರೆಯುತ್ತೇನೆ, ತಂಗಿಯೇ ಬರೆಯಕ್ಕಾ ಅಂದಿದ್ದಾಳೆ. ಮೇನಿಯಾದಲ್ಲಿ ಲೈಂಗಿಕ ಆಸೆ ಹದ್ದು ಮೀರುತ್ತದೆ, ಮುಂದಿನದರ ಎಚ್ಚರ ಇರುವುದಿಲ್ಲ. ಇದು ಕಾಯಿಲೆಯ ಲಕ್ಷಣ ಅಂತ ನಿಮ್ಮ ಪಟ್ಟಿಯಲ್ಲೇ ಇದೆ. ತಮ್ಮನ ವಿಷಯದಲ್ಲಿ ಅದು ಹುಡುಗಾಟ ಆಯಿತು. ಮದುವೆಗೆ ಮುಂಚೆ ತಂಗಿಗೆ ಒಂದು ಸಲ ಹಾಗಾದಾಗ ಅದು ನಡತೆಯ ಪ್ರಶ್ನೆ ಆಯಿತು. ಆ ವಾರ ಅವಳ ಸ್ಥಿತಿಯನ್ನು ಒಬ್ಬರು ದುರುಪಯೋಗ ಮಾಡಿಕೊಂಡರು. ಹುರುಪು ಇಳಿದ ಮೇಲೆ ಅವಳು ಹೊತ್ತ ನಾಚಿಕೆ ಎಷ್ಟು ಅಂತ ನಾನು ಹೇಳಲಾರೆ. ಅದನ್ನು ಡಾಕ್ಟರ ಮುಂದೆ ಅವಳು ತಾನಾಗಿ ಹೇಳುವುದು ಹೇಗೆ? ನಾವು ಮನೆಯವರು ಪಕ್ಕದಲ್ಲೇ ಕೂತಿರುತ್ತೇವಲ್ಲ. "ಸ್ವಲ್ಪ ಹೊತ್ತು ಹೊರಗೆ ಇರಿ" ಅಂತ ನಮಗೆ ಹೇಳಿ, ಅವಳನ್ನು ಒಬ್ಬಳನ್ನೇ ಮಾತಾಡಿಸಿದ್ದರೆ ಸಾಕಿತ್ತು. ಮೇಲೆ ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ ಅಂತ ಬರೆದೆ. ಕೆಲವು ಹೊತ್ತು ನಾನು ಅಲ್ಲಿ ಇರಬಾರದಿತ್ತು.

ಈಗ ತಮ್ಮನ ಮಾತು. ಅವನ ದಾರಿ ಚಿಕ್ಕದು ಅಂತ ಹಗುರ ಅಂದುಕೊಳ್ಳಬೇಡಿ.

20ನೇ ವಯಸ್ಸಿನಲ್ಲಿ ಅವನಿಗೆ ಮೇನಿಯಾ ಬಂತು. ಸಿಕ್ಕಸಿಕ್ಕವರ ಹತ್ತಿರ ಸಾಲ, ಬೀದಿಯಲ್ಲಿ ಹೊಡೆದಾಟ, ನಿದ್ದೆ ಇಲ್ಲ, ತಲೆಯೊಳಗಿನ ಓಟ ನಿಲ್ಲಿಸಲು ಕುಡಿತ. ಎರಡು ಸಲ ಪೊಲೀಸ್ ಠಾಣೆ, ಎರಡು ಸಲ ಕುಡಿತ ಬಿಡಿಸುವ ಕೇಂದ್ರ. ಎಲ್ಲರಿಗೂ ಬಾಟಲಿ ಕಂಡಿತು, ಅದರ ಹಿಂದೆ ಏನಿದೆ ಅಂತ ಯಾರೂ ನೋಡಲಿಲ್ಲ. ಬೈಪೋಲಾರ್ ಇರುವ ಗಂಡಸರಲ್ಲಿ ಕುಡಿತ ಮತ್ತು ಮಾದಕ ವಸ್ತುಗಳ ಚಟ ಹೆಂಗಸರಿಗಿಂತ ಜಾಸ್ತಿ ಅನ್ನೋದೂ ನಿಮ್ಮ ಪುಸ್ತಕದಲ್ಲೇ ಇರುವ ಮಾತು. ಹಾಗಿದ್ದರೆ ಕುಡಿತಕ್ಕೆ ಅಂತ ಬಂದ ಪ್ರತಿ ಹುಡುಗನಿಗೂ, ಕುಡಿಯದೆ ಇದ್ದ ದಿನಗಳಲ್ಲಿ ನಿನ್ನ ಮನಸ್ಸು ಹೇಗಿತ್ತು ಅಂತ ಕೇಳಬೇಕಲ್ವಾ?

ಕಾಯಿಲೆ ಇದು ಅಂತ ಗೊತ್ತಾದ ಮೇಲೂ ಅವನ ದುಃಖವನ್ನು ಯಾರೂ ಕೇಳಲಿಲ್ಲ. ಹುರುಪು ಇಳಿದು ಅವನು ಸುಮ್ನೆ ಕೂತರೆ, ನೋಡಿ, ಈಗ ಹುಡುಗ ಶಾಂತವಾದ ಅಂದರು. ಅವನು ಶಾಂತವಾಗಿರಲಿಲ್ಲ. ಒಂದು ರಾತ್ರಿ ಮಹಡಿಯ ಮೇಲೆ ಕತ್ತಲಲ್ಲಿ ಒಬ್ಬನೇ ನಿಂತಿದ್ದ. ನಾನು ಹೋಗಿ ಕೈ ಹಿಡಿದೆ. ಕೈ ತಣ್ಣಗಿತ್ತು. "ಅಕ್ಕಾ, ನಾನು ಅತ್ತರೆ ನೀನು ಯಾರಿಗೂ ಹೇಳಲ್ಲ ಅಲ್ವಾ?" ಅಂದ. ಬೈಪೋಲಾರ್ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹಲವು ಪಟ್ಟು ಜಾಸ್ತಿ. ಪ್ರಯತ್ನ ಮಾಡುವವರಲ್ಲಿ ಹೆಂಗಸರು ಹೆಚ್ಚು, ಪ್ರಾಣ ಕಳೆದುಕೊಳ್ಳುವವರಲ್ಲಿ ಗಂಡಸರು ಹೆಚ್ಚು. ಅಳುವುದು ಗಂಡಸಿಗೆ ಸಲ್ಲದು ಅಂತ ಕಲಿತು ಬೆಳೆದವನಿಗೆ ನೀವು ಬಾಯಿ ಬಿಟ್ಟು ಕೇಳದೆ ಇದ್ದರೆ ಅವನು ಹೇಳುವುದಿಲ್ಲ. ನನ್ನ ತಮ್ಮನಿಗೆ ಒಂದು ಸಲ ಮಾತ್ರೆ ತೆಗೆದುಕೊಂಡಾಗ ಲೈಂಗಿಕ ಶಕ್ತಿ ಕುಂದಿತು. ಅದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸುಮ್ಮನೆ ಮಾತ್ರೆ ಬಿಟ್ಟ. ಆರು ವಾರಕ್ಕೆ ಮತ್ತೆ ವಾರ್ಡಿನಲ್ಲಿದ್ದ. ಫೈಲಿನಲ್ಲಿ ಬರೆದದ್ದು, ರೋಗಿ ಹೇಳಿದ ಮಾತು ಕೇಳುವುದಿಲ್ಲ ಅಂತ.

ಈ ವ್ಯತ್ಯಾಸಗಳ ಬಗ್ಗೆ ವಿಜ್ಞಾನಕ್ಕೇ ಇನ್ನೂ ಪೂರ್ತಿ ಗೊತ್ತಿಲ್ಲ, ಅದರಲ್ಲಿ ನಮ್ಮದೇನು ತಪ್ಪು ಅಂತ ನೀವು ಹೇಳಬಹುದು. ಯಾಕೆ ಗೊತ್ತಿಲ್ಲ ಅನ್ನೋದನ್ನೂ ನೋಡಬೇಕು. 1949ರಲ್ಲಿ ಲಿಥಿಯಂನ ಗುಣವನ್ನು ಜಗತ್ತಿಗೆ ತೋರಿಸಿದ ಆಸ್ಟ್ರೇಲಿಯಾದ ಜಾನ್ ಕೇಡ್ ಕೆಲಸ ಮಾಡುತ್ತಿದ್ದದ್ದು ಯುದ್ಧದಿಂದ ಮರಳಿದ ಸೈನಿಕರ ಆಸ್ಪತ್ರೆಯಲ್ಲಿ, ಅಂದರೆ ಗಂಡಸರ ನಡುವೆ. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಬಸುರಿಯಾಗುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಗಳ ಮೊದಮೊದಲ ಪರೀಕ್ಷೆಗಳಿಂದ ಹೊರಗಿಡಿ ಅಂತ ಮಾರ್ಗಸೂಚಿ ಹೊರಡಿಸಿತು. ಅದನ್ನು ಹಿಂತೆಗೆದುಕೊಂಡದ್ದು 1993ರಲ್ಲಿ. ಹದಿನಾರು ವರ್ಷ! ಮಗುವಿನ ರಕ್ಷಣೆಗೆ ಅಂತಲೇ ಮಾಡಿದ ನಿಯಮ, ಉದ್ದೇಶ ಒಳ್ಳೆಯದೇ. ಆದರೆ ಪರೀಕ್ಷೆಯಿಂದ ಹೊರಗಿಟ್ಟ ಹೆಂಗಸರಿಗೇ ಆಮೇಲೆ ಆ ಔಷಧ ಕೊಟ್ಟರಲ್ಲ. ಅವರಿಗೆ ಎಷ್ಟು ಪ್ರಮಾಣ ಸರಿ, ಮುಟ್ಟಿನ ಹೊತ್ತಿನಲ್ಲಿ ಏನಾಗುತ್ತದೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಏನಾಗುತ್ತದೆ ಅಂತ ಯಾರು ನೋಡಿದ್ದರು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಪ್ರಪಂಚದಲ್ಲಿ 4 ಕೋಟಿ ಜನರಿಗೆ ಬೈಪೋಲಾರ್ ಇತ್ತು. ಅದರಲ್ಲಿ ಹೆಚ್ಚು ಕಡಿಮೆ ಅರ್ಧ ಹೆಂಗಸರು. ಈಗ ಹೆಂಗಸರನ್ನು ಪರೀಕ್ಷೆಗಳಿಗೆ ಸೇರಿಸಿಕೊಳ್ಳುತ್ತಾರೆ, ನಿಜ. ಸೇರಿಸಿಕೊಂಡ ಮೇಲೆ ಫಲಿತಾಂಶವನ್ನು ಹೆಂಗಸರದ್ದೇ ಬೇರೆ, ಗಂಡಸರದ್ದೇ ಬೇರೆ ಮಾಡಿ ತೋರಿಸಿ. ಎಲ್ಲವನ್ನೂ ಒಟ್ಟಿಗೆ ಕಲಸಿಬಿಟ್ಟರೆ ಸೇರಿಸಿಯೂ ಸೇರಿಸದ ಹಾಗೆ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಪತ್ರ ಓದಿ ಯಾರಾದರೂ, ಹೌದು, ಹೆಂಗಸರದ್ದೆಲ್ಲ ಹಾರ್ಮೋನಿನ ಆಟ ಅಂದುಬಿಟ್ಟರೆ ನಾನು ಬರೆದದ್ದು ವ್ಯರ್ಥ. ಆ ಮಾತನ್ನೂ ನನ್ನ ತಂಗಿ ಸಾಕಷ್ಟು ಕೇಳಿದ್ದಾಳೆ. ಸಿಟ್ಟು ಬಂದರೆ ಮುಟ್ಟು, ಅತ್ತರೆ ಮುಟ್ಟು, ನ್ಯಾಯವಾದ ಜಗಳ ಆಡಿದರೂ ಮುಟ್ಟು. ಕೆಲವು ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಕಾಯಿಲೆ ಕೆರಳುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಮೇನಿಯಾದಲ್ಲಿ ಬೀದಿಗಿಳಿದು ಹೊಡೆದಾಡುವ ಹೆಂಗಸರೂ ಇದ್ದಾರೆ, ವರ್ಷಗಟ್ಟಲೆ ಖಿನ್ನತೆಯಲ್ಲೇ ನವೆಯುವ ಗಂಡಸರೂ ಇದ್ದಾರೆ. ನಾನು ಹೇಳಿದ ವ್ಯತ್ಯಾಸಗಳು ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವಂಥವು. ಎದುರಿಗೆ ಕೂತ ಒಬ್ಬರ ಮೇಲೆ ಅದನ್ನು ಮುದ್ರೆ ಒತ್ತಿದ ಹಾಗೆ ಒತ್ತಬೇಡಿ. ಕೇಳಿ. ಕೇಳಿದರೆ ಅವರೇ ಹೇಳುತ್ತಾರೆ.

ಹಾಗಾದರೆ ಏನು ಬೇಕು ಅಂತೀರಾ?

ಡಿಪ್ರೆಶನ್ ಅಂತ ಬರೆಯುವ ಮುಂಚೆ ಹುರುಪಿನ ದಿನಗಳ ಬಗ್ಗೆ ಕೇಳುವುದು ಪ್ರತಿ ಕ್ಲಿನಿಕ್ಕಿನಲ್ಲೂ ಕಡ್ಡಾಯ ಆಗಲಿ. ರೋಗಿಯನ್ನೂ ಕೇಳಿ, ರೋಗಿ ಒಪ್ಪಿದರೆ ಮನೆಯವರನ್ನೂ ಕೇಳಿ. ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ ಇದೆಯಾ, ಯಾರಿಗಾದರೂ ಬಾಣಂತಿ ಸನ್ನಿ ಆಗಿತ್ತಾ ಅಂತ ಕೇಳಿ. ತಂಗಿಯನ್ನು ಎರಡನೇ ಡಾಕ್ಟರಿಗೆ ತೋರಿಸುವ ಹೊತ್ತಿಗೆ ತಮ್ಮನ ಕಾಯಿಲೆ ಪತ್ತೆಯಾಗಿತ್ತು. ಅಣ್ಣ ತಮ್ಮ ಅಕ್ಕ ತಂಗಿ ಯಾರಿಗಾದರೂ ಇದೆಯಾ ಅಂತ ಕೇಳಿದ್ದರೆ ಆ ಒಂದು ಪ್ರಶ್ನೆಯೇ ಸಾಕಿತ್ತು.

ಬಸುರಿಯಾಗುವ ವಯಸ್ಸಿನ ಯಾವ ಹೆಂಗಸಿಗೂ ಔಷಧದ ಅಪಾಯ ಹೇಳದೆ, ಮಗುವಿನ ಯೋಚನೆ ಏನಿದೆ ಅಂತ ಕೇಳದೆ ವಾಲ್ಪ್ರೊಯೇಟ್ ಚೀಟಿ ಬರೆಯಬೇಡಿ. ಹೇಳಿದ್ದನ್ನು ಫೈಲಿನಲ್ಲೂ ಬರೆಯಿರಿ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಗಾಬರಿಯಾಗಿ ಮಾತ್ರೆ ಎಸೆಯುವುದು ಬೇಡ, ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಇವತ್ತೇ ಡಾಕ್ಟರ ಹತ್ತಿರ ಮಾತಾಡಲಿ. ಗಂಡಸರಿಗೂ ಹೇಳಿ. ತಂದೆಯಾಗುವ ಮುಂಚೆ ಈ ಮಾತ್ರೆ ತೆಗೆದುಕೊಂಡವರ ಮಕ್ಕಳಿಗೂ ಬೆಳವಣಿಗೆಯ ತೊಂದರೆ ಆಗಬಹುದೇನೋ ಅಂತ 2024ರಲ್ಲಿ ಯುರೋಪಿನ ಸಂಸ್ಥೆ ಮುನ್ನೆಚ್ಚರಿಕೆ ಕೊಟ್ಟಿದೆ.

ಮುಟ್ಟು, ಗರ್ಭನಿರೋಧಕ, ಥೈರಾಯ್ಡ್, ಲೈಂಗಿಕ ತೊಂದರೆ, ಕುಡಿತ, ಮೈಮೇಲೆ ಯಾರಾದರೂ ಕೈ ಮಾಡಿದ್ದಾರಾ ಅನ್ನೋದು, ಸಾಯಬೇಕು ಅನ್ನಿಸುತ್ತದಾ ಅನ್ನೋದು. ಇಷ್ಟನ್ನು ಕೇಳಲು ಹತ್ತು ನಿಮಿಷ ಸಾಕು. ಒಬ್ಬರನ್ನೇ ಕೂರಿಸಿ ಕೇಳಿ. ವೈದ್ಯಕೀಯ ಓದುವ ಮಕ್ಕಳಿಗೆ ಇದನ್ನು ಪರೀಕ್ಷೆಯ ಅಂಕಕ್ಕೆ ಅಲ್ಲದೆ ಕೇಳುವ ಅಭ್ಯಾಸವಾಗಿ ಕಲಿಸಿ.

ಕೊನೆಯ ಬೇಡಿಕೆ ಹೆರಿಗೆಯದ್ದು. ನನ್ನ ತಂಗಿ ಎರಡನೇ ಮಗುವಿಗೆ ತಾಯಿಯಾದಳು, 31ನೇ ವಯಸ್ಸಿನಲ್ಲಿ. ಈ ಸಲ ಮೊದಲೇ ಎಲ್ಲ ಮಾತಾಡಿಕೊಂಡಿದ್ದೆವು. ಆ ಕಿರಿಯ ವೈದ್ಯೆಯೂ ಹೆರಿಗೆ ಡಾಕ್ಟರೂ ಒಟ್ಟಿಗೆ ಕೂತು ಒಂದೇ ಒಂದು ಹಾಳೆ ಬರೆದರು. ಬಸುರಿಯಲ್ಲಿ ಮೂತ್ರಪಿಂಡ ಜೋರಾಗಿ ಕೆಲಸ ಮಾಡುವುದರಿಂದ ಲಿಥಿಯಂ ಪ್ರಮಾಣ ಇಳಿಯುತ್ತದೆ, ಬೇರೆ ಕಾರಣಕ್ಕೆ ಲ್ಯಾಮೊಟ್ರಿಜಿನ್ ಕೂಡ ಇಳಿಯುತ್ತದೆ. ಹಾಗಾಗಿ ಯಾವ ಯಾವ ವಾರ ರಕ್ತ ಪರೀಕ್ಷೆ ಅಂತ ಅದರಲ್ಲಿತ್ತು. ಹೆರಿಗೆಯ ದಿನ ಮೈಯಲ್ಲಿ ನೀರು ಕಡಿಮೆಯಾಗದ ಹಾಗೆ ನೋಡಿಕೊಳ್ಳಿ ಅಂತ ಇತ್ತು. ಹೆರಿಗೆಯಾದ ಕೂಡಲೇ ಯಾವ ಮಾತ್ರೆ, ಎಷ್ಟು ಅಂತ ಇತ್ತು. ರಾತ್ರಿ ತಾಯಿಯ ನಿದ್ದೆ ಕೆಡಬಾರದು, ಮಗುವಿಗೆ ಬಾಟಲಿ ಹಾಲು ಕೊಡುವುದು ಗಂಡನ ಕೆಲಸ ಅಂತ ಇತ್ತು. ಎರಡು ರಾತ್ರಿ ನಿದ್ದೆ ಬರದಿದ್ದರೆ, ಮಾತು ಜೋರಾದರೆ, ಅನುಮಾನ ಶುರುವಾದರೆ ಯಾರಿಗೆ ಫೋನ್ ಮಾಡಬೇಕು ಅಂತ ದೊಡ್ಡ ಅಕ್ಷರದಲ್ಲಿ ಇತ್ತು.

ಆ ಹಾಳೆಯನ್ನು ಬೀರುವಿನ ಬಾಗಿಲಿಗೆ ಅಂಟಿಸಿದೆವು. ಮೂರನೇ ರಾತ್ರಿ ನಾನು ಅವಳ ಕೋಣೆಯ ಹೊರಗೆ ಕೂತಿದ್ದೆ. ಒಳಗಿಂದ ಏನಾದರೂ ಸದ್ದು ಬರುತ್ತದಾ ಅಂತ ಕಿವಿ ಕೊಟ್ಟು ಕೂತಿದ್ದೆ. ಮಗು ಅತ್ತಿತು, ಅವಳ ಗಂಡ ಎದ್ದ. ಅವಳು ಮಲಗೇ ಇದ್ದಳು. ಒಂಬತ್ತನೇ ದಿನ ಬಂತು, ಹೋಯಿತು. ನಲವತ್ತನೇ ದಿನವೂ ಬಂತು, ಹೋಯಿತು. ನೋಟ್‌ಬುಕ್ಕಿನಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ ಬಿಟ್ಟರೆ ಉಳಿದದ್ದೆಲ್ಲ ಹಸಿರು.

ಅಂಥ ಹಾಳೆ ಬೈಪೋಲಾರ್ ಇರುವ ಪ್ರತಿ ಗರ್ಭಿಣಿಗೂ ಸಿಗಬೇಕು. ಬಸುರಿಯ ಏಳನೇ ತಿಂಗಳಿನ ಒಳಗೆ ಮನೋವೈದ್ಯರೂ ಹೆರಿಗೆ ಡಾಕ್ಟರೂ ಸೇರಿ ಅದನ್ನು ಬರೆದು, ಇಬ್ಬರೂ ಸಹಿ ಹಾಕಿ ಮನೆಯವರ ಕೈಗೆ ಕೊಡಬೇಕು ಅಂತ ನಿಮ್ಮ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ನಮ್ಮ ಮನೆಯ ಹಾಳೆ ಈಗಲೂ ಬೀರುವಿನ ಬಾಗಿಲಿನಲ್ಲೇ ಇದೆ, ಅಂಚು ಸ್ವಲ್ಪ ಹರಿದಿದೆ ಅಷ್ಟೇ. ಮಾದರಿಗೆ ಬೇಕಾದರೆ ತಂಗಿಯ ಹೆಸರು ಅಳಿಸಿ ಅದರ ಪ್ರತಿ ಕಳಿಸುತ್ತೇನೆ. ಅವಳು ಒಪ್ಪಿದ್ದಾಳೆ.

ಇಂತಿ ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಇಬ್ಬರು ರೋಗಿಗಳ ಅಕ್ಕ